ಕಸ್ತೂರಿಯ ಹದಿನಾಲ್ಕು ಶಾಲುಗಳು

ಇದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಿದ್ದರೂ ನನ್ನ ಮೀಸೆ ಈ ಪುಟ ಮುಗಿಯುವುದರೊಳಗೆ ಉದುರಿ ಬೀಳಲಿ. ಅಂಥಿಂಥ ಮೀಸೆಯಲ್ಲ, ಮೂರು ತಾಲೂಕಿನಲ್ಲಿ ಹೆಸರಾದದ್ದು. ಅದನ್ನೇ ಪಣಕ್ಕಿಟ್ಟಿದ್ದೇನೆ ಎಂದಮೇಲೆ ನೀವು ನಂಬಲೇಬೇಕು.

ಘಟಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಮೋನಪ್ಪಜ್ಜ ಎಂಬ ಗುರು. ಅವರಿಗೆ ಕಸ್ತೂರಿ ಎಂಬ ಶಿಷ್ಯೆ. ವಯಸ್ಸು ಹತ್ತೊಂಬತ್ತು.

ಅಜ್ಜ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆಶ್ರಮದ ಉಳಿದ ಮಾತನ್ನೆಲ್ಲ ಕಸ್ತೂರಿ ಒಬ್ಬಳೇ ಆಡಿ ಮುಗಿಸುತ್ತಿದ್ದಳು.

ಹೆಣ್ಣುಮಕ್ಕಳು ಓದಬೇಕು. ಇದೊಂದೇ ಅವಳ ಹಟ. ಅವಳು ಭಾಷಣಕ್ಕೆ ನಿಂತಳೆಂದರೆ ಆಚೆ ದಂಡೆಯ ಎಮ್ಮೆಗಳು ಮೇಯುವುದನ್ನು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ಮೈಕು ಕೆಟ್ಟರೆ ಮೈಕಿನವನಿಗೂ ಗೊತ್ತಾಗುತ್ತಿರಲಿಲ್ಲ. ಮೀಸೆ ಹೊತ್ತ ಗಂಡಸರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಂಗಸರು ಸಾಲುಗಟ್ಟಿ ಬಂದು, ಅವಳ ಕೈಯಲ್ಲಿದ್ದ ಸ್ಲೇಟು ಮುಟ್ಟಿ, "ಮಗಳನ್ನ ಸಾಲಿಗೆ ಕಳಸ್ತೀವಿ" ಎಂದು ಆಣೆ ಇಡುತ್ತಿದ್ದರು.

ಊರಿಗೆ ಎರಡು ಶಾಲು ಸನ್ಮಾನ. ಯಾಕೆ ಎರಡು? ಪ್ರತಿ ಊರಲ್ಲೂ ಎರಡು ಪಾರ್ಟಿ. ಒಬ್ಬರು ಹೊದಿಸಿದರೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ?

ಆರು ಊರು ಮುಗಿದವು. ಆಶ್ರಮದ ಪಡಸಾಲೆಯಲ್ಲಿ ಅವಳು ಚಾಪೆ ಹಾಸಿ, ಕರಿಹಲಗೆ ತೂಗುಹಾಕಿ, ಬಾಗಿಲು ತೆರೆದು ಕೂತಳು.

ಒಂದು ಹುಡುಗಿಯೂ ಬರಲಿಲ್ಲ.

ಸೋಮವಾರ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಚಾಪೆಯ ಮೇಲೆ ಹತ್ತು ಹುಡುಗಿಯರು ಕೂತಿದ್ದರೆ ಒಬ್ಬ ಟೀಚರನ್ನು ಕೊಡುತ್ತಾರೆ. ಇಲ್ಲವೆಂದರೆ ಶಾಲೆಯೇ ಇಲ್ಲ.

"ಅಜ್ಜಾರ, ಎಲ್ಲಾರೂ ಸುಳ್ಳರು!" ಎಂದಳು ಕಸ್ತೂರಿ.

"ಎಲ್ಲಾರೂ?"

"ಸ್ಲೇಟ್ ಮುಟ್ಟಿ ಆಣಿ ಮಾಡ್ಯಾರ್ರಿ! ಇರಲಿ, ಮಗ್ಗಲದ ಊರು ಕರಿಹೊಳಿ ಒಂದು ಉಳದೈತಿ. ನಾಳೆ ಅಲ್ಲಿ ಎಂಥಾ ಭಾಷಣ ಹೊಡಿತೀನಂದ್ರ, ಈ ಹೊಳಿ ಹಿಂದಕ್ಕ ಹರೀಬೇಕು!"

"ನಾನೂ ಬರ್ತೀನಿ," ಎಂದರು ಅಜ್ಜ.

ಕಸ್ತೂರಿಗೆ ಹಿಗ್ಗೋ ಹಿಗ್ಗು. ಗುರುಗಳು ತನ್ನ ಭಾಷಣಕ್ಕೆ ಬರುತ್ತಿರುವುದು ಅದೇ ಮೊದಲು.

ಭಾನುವಾರ ಕರಿಹೊಳಿಯ ಕಟ್ಟೆಯ ಮುಂದೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಕಸ್ತೂರಿ ಗುಡುಗಿದಳು. ಹೊಳೆ ಹಿಂದಕ್ಕೆ ಹರಿಯಲಿಲ್ಲ ನಿಜ, ಆದರೆ ಸ್ವಲ್ಪ ಹೊತ್ತು ನಿಂತು ಕೇಳಿತು. ಚಪ್ಪಾಳೆಗೆ ಬೇವಿನಮರದ ಕಾಗೆಗಳೆಲ್ಲ ಪಕ್ಕದ ಜಿಲ್ಲೆಗೆ ಹಾರಿಹೋದವು. ಎರಡೂ ಪಾರ್ಟಿಯವರು ಶಾಲು ಹೊದಿಸಿದರು.

ಅವಳು ಮುಂದಿನ ಸಾಲಿನತ್ತ ನೋಡಿದಳು. ಅಜ್ಜನ ಜಾಗ ಖಾಲಿ.

ಹುಡುಕುತ್ತ ಹೋದಳು. ಹಿಂದಿನ ಓಣಿಯ ಮೂರನೆಯ ಮನೆಯಲ್ಲಿ ಅಜ್ಜ ನೆಲಕ್ಕೆ ಕೂತು ತೊಟ್ಟಿಲು ತೂಗುತ್ತಿದ್ದರು. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಇದ್ದಿಲ ಚೂರಿನಿಂದ ನೆಲದ ಹಾಸುಗಲ್ಲಿನ ಮೇಲೆ 'ಅ' ತೀಡುತ್ತಿದ್ದಳು.

"ಅಜ್ಜಾರ! ನನ್ನ ಭಾಷಣ ಬಿಟ್ಟು ಇಲ್ಲಿ?"

"ಕೂಸು ಅಳಾಕ ಹತ್ತಿತ್ತು."

"ಏನ್ ತಂಗಿ, ನೀ ಯಾಕ ಸಭಿಗೆ ಬರಲಿಲ್ಲ?" ಎಂದು ಕಸ್ತೂರಿ ಹುಡುಗಿಯನ್ನು ಕೇಳಿದಳು.

ಹುಡುಗಿಯ ಹೆಸರು ಲಗಮವ್ವ. ಅವಳು ಇದ್ದಿಲು ಕೆಳಗಿಡದೆ ಹೇಳಿದಳು: "ಅವ್ವ ಹೋಗ್ಯಾಳಲ್ರೀ ಅಕ್ಕಾರ. ಹೆಣ್ಣುಮಕ್ಕಳನ್ನ ಓದಸ್ಬೇಕಂತ ಹೇಳ್ತಾರಂತ. ತಮ್ಮನ್ನ ನೋಡ್ಕೋ ಅಂತ ನನ್ನ ಬಿಟ್ಟು ಹೋದ್ಲು."

ಕಸ್ತೂರಿ ಬಾಯಿ ತೆರೆದಳು. ಮಾತು ಬರಲಿಲ್ಲ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಪವಾಡ ನಡೆದದ್ದಿಲ್ಲ.

ಪಕ್ಕದ ಮನೆಗೆ ಓಡಿದಳು. ಅಲ್ಲೊಬ್ಬಳು ಕೂಸಿಗೆ ಗಂಜಿ ಕುಡಿಸುತ್ತಿದ್ದಳು. ಎದುರು ಮನೆಯಲ್ಲಿ ಇನ್ನೊಬ್ಬಳು, ಸೊಂಟದ ಮೇಲೆ ತನಗಿಂತ ತೂಕದ ತಂಗಿ. ಓಣಿಯ ಕೊನೆಯ ತನಕ ಮನೆಗೊಬ್ಬ ಹುಡುಗಿ, ಬಹಳಷ್ಟು ಮನೆಗಳಲ್ಲಿ ಹುಡುಗಿಗೊಂದು ಕೂಸು.

ತಿರುಗಿ ಬರುವಷ್ಟರಲ್ಲಿ ಲಗಮವ್ವನ ತಾಯಿ ಸಭೆಯಿಂದ ಬಂದಿದ್ದಳು. ಕಣ್ಣು ಇನ್ನೂ ಒದ್ದೆ.

"ಎಷ್ಟು ಚಂದ ಮಾತಾಡಿದಿ ಯವ್ವಾ!"

"ಅಕ್ಕಾ, ನಾಳೆ ಲಗಮವ್ವನ್ನ ಕಳಸ್ತೀರೇನು?"

"ಕಳಸ್ತಿದ್ನೆವ್ವಾ. ಆಣಿನೂ ಮಾಡೀನಿ. ಆದ್ರ ನಾ ಕಳೆ ತಗ್ಯಾಕ ಹೋಗ್ಬೇಕು. ಇವನ್ನ ಯಾರು ನೋಡ್ತಾರ?"

"ಇವನ್ನೂ ಕಳಸ್ರಿ!"

ತಾಯಿ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ನೀ ಎಷ್ಟು ಹಡದೀಯವ್ವಾ? ಮೈಕ್ ಹಿಡಿದಂಗಲ್ಲ ಕೂಸು ಹಿಡಿಯೋದು. ಎಲ್ಲಿ ಮಲಗಸ್ತಿ, ನಿನ್ನ ಕರಿಹಲಗಿ ಮ್ಯಾಲ?"

ಕಸ್ತೂರಿ ಅಜ್ಜನ ಕಡೆ ನೋಡಿದಳು. ಅಜ್ಜ ಎದ್ದು ಆಶ್ರಮದ ದಾರಿ ಹಿಡಿದರು. ಅವಳು ಹಿಂದೆಯೇ ಓಡಿದಳು.

ಅಜ್ಜ ನೇರ ಅವಳ ಟ್ರಂಕಿನ ಮುಂದೆ ನಿಂತರು. "ತೆಗಿ."

ತೆಗೆದಳು. ಒಳಗೆ ಮಡಿಕೆ ಮುರಿಯದ ಹನ್ನೆರಡು ಶಾಲು.

ಅಜ್ಜ ಒಂದರ ಮೇಲೊಂದು ಎರಡು ಶಾಲು ಹಾಸಿ, ಎರಡೂ ತುದಿಗೆ ಹಗ್ಗ ಬಿಗಿದು, ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು.

"ಅಜ್ಜಾರ, ಅದು ಸನ್ಮಾನದ್ದು!"

"ಗಟ್ಟಿ ಅದಾವು," ಎಂದರು ಅಜ್ಜ, ಎಳೆದು ನೋಡುತ್ತ.

ಕಸ್ತೂರಿಯೂ ಎಳೆದು ನೋಡಿದಳು. ಆಮೇಲೆ ಹೆಗಲ ಮೇಲಿದ್ದ ಕರಿಹೊಳಿಯ ಎರಡು ಶಾಲುಗಳನ್ನೂ ಕಿತ್ತು ಅಜ್ಜನ ಕೈಗಿಟ್ಟಳು. ಗಂಟು ಹಾಕಲು ತಾನೂ ಕೂತಳು. ಸಂಜೆಯೊಳಗೆ ಪಡಸಾಲೆಯ ತುಂಬ ಏಳು ತೊಟ್ಟಿಲು! ಎಲ್ಲಕ್ಕೂ ಜರಿ ಅಂಚು! ಅರಮನೆಯ ಕೂಸಿಗೂ ಅಂಥದ್ದು ಸಿಕ್ಕಿರಲಿಕ್ಕಿಲ್ಲ.

ಕರಿಹೊಳಿಗೆ ಮತ್ತೆ ಓಡಿದಳು. ಈ ಸಲ ಭಾಷಣವಿಲ್ಲ. ಮನೆಮನೆಯ ಬಾಗಿಲಲ್ಲಿ ಒಂದೇ ಮಾತು: "ಒಮ್ಮೆ ಬಂದು ನೋಡ್ರಿ." ಲಗಮವ್ವನ ತಾಯಿ ಮೊದಲು ಬಂದಳು. ತೊಟ್ಟಿಲೊಂದಕ್ಕೆ ಜೋತುಬಿದ್ದು ನೋಡಿದಳು. ಹರಿಯಲಿಲ್ಲ. ಉಳಿದವರು ಅವಳ ಮುಖ ನೋಡಿದರು.

ಸೋಮವಾರ ಬೆಳಗ್ಗೆ ಹನ್ನೆರಡು ಹುಡುಗಿಯರು, ಏಳು ಕೂಸು!

ಏಳೂ ತೊಟ್ಟಿಲಿಗೆ ಒಂದೊಂದು ದಾರ. ಏಳೂ ದಾರ ಅಜ್ಜನ ಕಾಲಿನ ಹೆಬ್ಬೆರಳಿಗೆ. ಅಜ್ಜ ಗೋಡೆಗೆ ಒರಗಿ ಕಾಲಾಡಿಸಿದರೆ ಏಳೂ ಒಟ್ಟಿಗೆ ತೂಗುತ್ತಿದ್ದವು. ಲಗಮವ್ವ ಮೊದಲ ಸಾಲಿನಲ್ಲಿ ಕೂತು, ನಿಜವಾದ ಬಳಪ ಹಿಡಿದು, 'ಆ' ತನಕ ಮುಟ್ಟಿದ್ದಳು.

ಅಧಿಕಾರಿ ಬಂದು ಬಾಗಿಲಲ್ಲೇ ನಿಂತರು. "ಏನ್ರೀ ಇದು? ಸಾಲಿಯೋ, ಹೆರಿಗಿ ಆಸ್ಪತ್ರಿಯೋ?"

ಅಜ್ಜ ಅಳುತ್ತಿದ್ದ ಒಂದು ಕೂಸನ್ನು ಎತ್ತಿ ಅವರ ಕೈಗೆ ಕೊಟ್ಟರು. "ಹುಡುಗ್ಯಾರನ್ನ ಎಣಸ್ರಿ. ಅಲ್ಲೀ ತನಕ ಇದನ್ನ ಹಿಡೀರಿ."

ಅಧಿಕಾರಿ ಕೂಸು ಹಿಡಿದುಕೊಂಡೇ ಎಣಿಸಿದರು. ಎಣಿಸಿ ಮುಗಿಸುವಷ್ಟರಲ್ಲಿ ಅವರ ಇಸ್ತ್ರಿ ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಆದರೂ ಅಲ್ಲೇ ನಿಂತು ಸಹಿ ಹಾಕಿದರು. ಟೀಚರು ಬಂದೇ ಬರುತ್ತಾರೆ!

ಕಸ್ತೂರಿ ಕುಣಿದಾಡಿಬಿಟ್ಟಳು. ಕುಣಿಯುತ್ತಲೇ ಅಜ್ಜನ ಮುಂದೆ ಬಂದು ಕೂತಳು.

"ಅಜ್ಜಾರ, ಹೊಳಿ ಆಚಿ ಊರಿನವರು ಶುಕ್ರವಾರ ಸಭಾ ಇಟ್ಟಾರ. ನನ್ನ ಕರದಾರ. ಅಲ್ಲಿ ಏನಂತ ಸುರು ಮಾಡ್ಲಿ?"

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅಧಿಕಾರಿಯ ಪ್ಯಾಂಟು ಒದ್ದೆಯಾದದ್ದು ಮಾತ್ರ ನಾನು ಸೇರಿಸಿದ್ದು. ಕೂಸು ಪಾಪ ಅವರ ಕೈಗೆ ಹೋದದ್ದೇ ಅಳು ನಿಲ್ಲಿಸಿ ಸುಮ್ಮನೇ ಮಲಗಿತ್ತು. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ, ಅಜ್ಜ ಕಾಲಾಡಿಸುವುದನ್ನು ನಿಲ್ಲಿಸದೆ ಹೇಳಿದ್ದೂ ಸೇರಿ:

"ಯಾರು ಬಂದಿಲ್ಲ ಅಂತ ಮೊದಲ ಕೇಳು."