ಅಕ್ಷರವಾಗಿಹೋದ ಇಪ್ಪತ್ತೈದು

ಬಾವಿಗಳಿಗೆ ಮೋಟರ್ ಇಳಿಸುವ ಚಂಪಾವತಿಯ ಕ್ಯಾಲ್ಕುಲೇಟರಿನಲ್ಲಿ ಅಂಕಿ, ಅಕ್ಷರಗಳೆಲ್ಲ ಒಬ್ಬರ ಮೇಲೊಬ್ಬರು ಕೂರುವುದು ಪದ್ಧತಿ. ಕೆಳಗೆ ಅಂಕಿಗಳ ಪಟ್ಟಿ ಕೂತಿತ್ತು. ಅದರ ಮೇಲೆ ‘ಬಾವಿಯ ಆಳ’ ಎಂಬ ಅಕ್ಷರಗಳ ಸರ. ಆಗ ಮೂರನೆಯ ಬಾವಿಯ ಆಳವಾದ ಇಪ್ಪತ್ತೈದು ಹೊಸದಾಗಿ ಬಂದು ಕೂತಿತು.

“ನನ್ನ ಜೊತೆ ಸೇರು,” ಎಂದಿತು ಸರ. “ಬರೀ ಅಂಕಿಗೆ ಯಾರು ಬೆಲೆ ಕೊಡುತ್ತಾರೆ? ನನ್ನ ಪಕ್ಕ ನಿಂತರೆ ಎಲ್ಲರೂ ನಿನ್ನನ್ನು ಓದುತ್ತಾರೆ.”

“ನನ್ನಲ್ಲೂ ಜಾಗವಿದೆ,” ಎಂದಿತು ಪಟ್ಟಿ. “ಮೊದಲೆರಡು ಬಾವಿಗಳ ಹನ್ನೆರಡು, ಹದಿನೆಂಟು ಆಗಲೇ ಬಂದಿದ್ದಾರೆ. ಇಲ್ಲಿ ಮೆರವಣಿಗೆ ಮಾತ್ರ ಇಲ್ಲ.”

ಇಪ್ಪತ್ತೈದು ಸರವನ್ನೇ ಆರಿಸಿತು. ಕೂಡಿಸುವ ಆಜ್ಞೆ ಎರಡನ್ನೂ ಬೆಸೆಯಿತು. ‘ಬಾವಿಯ ಆಳ 25’ ಎಂದು ಪರದೆ ಬೆಳಗಿತು.

ಮೋಟರಿಗೆ ಹಗ್ಗ ಎರಡೆಳೆ ಬೇಕು. ಚಂಪಾವತಿ ಆಳವನ್ನು ಎರಡರಿಂದ ಗುಣಿಸಲು ಹೇಳಿದಳು. ಗುಣಿಸುವ ಆಜ್ಞೆ ಬಂದು, “ಇಲ್ಲಿ ಅಂಕಿ ಯಾರು?” ಎಂದು ಕೇಳಿತು.

“ನಾನೇ!” ಎಂದಿತು ಇಪ್ಪತ್ತೈದು.

“ಅಲ್ಲ, ನೀನೀಗ ಎರಡು ಅಕ್ಷರ. ಅಕ್ಷರವನ್ನು ನಾನು ಗುಣಿಸಲಾರೆ,” ಎಂದು ಆಜ್ಞೆ ಹೊರಟೇಹೋಯಿತು.

ಕ್ಯಾಲ್ಕುಲೇಟರ್ ಕೀಂ ಎಂದಿತು. ಚಂಪಾವತಿ ಸರವನ್ನು ಅಳಿಸಿ ಇಪ್ಪತ್ತೈದನ್ನು ಮತ್ತೆ ಒತ್ತಿದಳು. ಈ ಸಲ ಅದು ನೇರವಾಗಿ ಪಟ್ಟಿಯ ಕೊನೆಗೆ ಹೋಗಿ ನಿಂತಿತು. ಗುಣಿಸುವ ಆಜ್ಞೆ ಮರಳಿ ಬಂದು ಒಬ್ಬೊಬ್ಬರನ್ನೇ ಮುಟ್ಟಿತು. ಹನ್ನೆರಡು ಇಪ್ಪತ್ತನಾಲ್ಕಾಯಿತು, ಹದಿನೆಂಟು ಮೂವತ್ತಾರಾಯಿತು, ಇಪ್ಪತ್ತೈದು ಐವತ್ತಾಯಿತು. ಮೂರು ಬಾವಿಗಳ ಹಗ್ಗ ಒಂದೇ ಸಲಕ್ಕೆ ಸಿದ್ಧ.

ಅಷ್ಟರಲ್ಲಿ ‘ಹಗ್ಗದ ಉದ್ದ’ ಎಂಬ ಹೊಸ ಸರ ಮೇಲೆ ಬಂದು ಕೂತು, “ಐವತ್ತೇ, ಬಾ, ನನ್ನ ಜೊತೆ ಸೇರು,” ಎಂದು ಕರೆಯಿತು.

“ಬರುತ್ತೇನೆ,” ಎಂದಿತು ಐವತ್ತು. “ಮೊದಲು ಚಂಪಾವತಿಯನ್ನು ಕೇಳಿ ಬಾ, ನನ್ನಿಂದ ಇನ್ನೇನಾದರೂ ಲೆಕ್ಕ ಬಾಕಿ ಇದೆಯೇ ಅಂತ.”