ಸದನಕ್ಕೆ ಮಾತ್ರ

ಜಲಪಾತ ಸೊರಗಿ ಕಾಡಿಗೆಲ್ಲ ಕರೆಂಟಿನ ಬರ ಬಂದಿತ್ತು. ಬೆಟ್ಟದ ತುದಿಯ ಸದನದಲ್ಲಿ, ಸಂಜೆಯ ಕಲಾಪಕ್ಕೆ ತೂಗುದೀಪಗಳೆಲ್ಲ ಝಗಝಗಿಸುತ್ತಿರಲು, ಇಂಧನ ಮಂತ್ರಿ ನವಿಲು ಮಸೂದೆ ಮಂಡಿಸಿತು: "ಬಿಲ, ಪೊಟರೆಗಳಿಗೆ ದಿನವೂ ಸಂಜೆ ವಿದ್ಯುತ್ ಕಡಿತ, ದರವೂ ಇಮ್ಮಡಿ. ವಿನಾಯಿತಿ ಸದನಕ್ಕೆ ಮಾತ್ರ."

ಕೊನೆಯ ಸಾಲಿನಿಂದ ಮುಂಗುಸಿ ಎದ್ದಿತು. "ಮಾನ್ಯ ಸಭಾಧ್ಯಕ್ಷರೇ, ನನ್ನ ಬಿಲದಲ್ಲಿ ಜ್ವರದಿಂದ ಮಲಗಿದ ಮರಿಯಿದೆ. ಮತಕ್ಕೆ ಹಾಕುವ ಮುನ್ನ ಇಲ್ಲಿನ ದೀಪಗಳನ್ನು ಒಮ್ಮೆ ಆರಿಸಿ ನೋಡಿ."

"ಕತ್ತಲಲ್ಲಿ ಕಲಾಪವೇ?" ನವಿಲು ಗರಿ ಕೆದರಿತು.

"ಮಂತ್ರಿಗಳು ಕೂತುಕೊಳ್ಳಿ," ಎನ್ನುತ್ತಾ ಸಭಾಧ್ಯಕ್ಷ ಆನೆ ಸೊಂಡಿಲು ಚಾಚಿ ಸ್ವಿಚ್ಚು ಒತ್ತಿತು.

ಸದನ ಕತ್ತಲಾಯಿತು. ಕಿಟಕಿಯಾಚೆ, ಅಷ್ಟು ಹೊತ್ತು ಮಿಣಮಿಣ ಎನ್ನುತ್ತಿದ್ದ ಕೆಳಗಿನ ದೀಪಗಳಿಗೆ ಒಮ್ಮೆಲೇ ಜೀವ ಬಂತು. ಬಿಲದಿಂದ ಬಿಲಕ್ಕೆ, ಪೊಟರೆಯಿಂದ ಪೊಟರೆಗೆ, ಕಣಿವೆಯ ತಳದವರೆಗೂ ಬೆಳಕು ಹರಿಯಿತು.

"ಕೆಳಗೆ ಇಷ್ಟೊಂದು ಮನೆಗಳಿವೆಯೇ!" ನವಿಲಿನ ಗರಿಗಳು ತಾವಾಗಿ ಮುಚ್ಚಿಕೊಂಡವು. ಕಿಟಕಿಯಿಂದ ಇತ್ತ ತಿರುಗಿ ಅದು ಹೇಳಿತು: "ತಿದ್ದುಪಡಿಯಿದೆ. ದರ ಏರಿಕೆ ಬೇಡ. ಸಂಜೆಯ ಕಡಿತ ಸದನಕ್ಕೆ ಮಾತ್ರ."

ಆನೆ ಮತಕ್ಕೆ ಹಾಕಿತು. ಯಾವಾಗಲೂ ಮೇಜು ಕುಟ್ಟಿ "ಹೌದು" ಎಂದು ಕೂಗುವ ಸದಸ್ಯರು ಅಂದು ಪಿಸುಗುಟ್ಟಿದರು, ಜೋರಾಗಿ ಉಸಿರು ಬಿಟ್ಟರೆ ಕೆಳಗಿನ ದೀಪಗಳು ಆರಿಬಿಡುತ್ತವೇನೋ ಎಂಬಂತೆ.