ಬೇರು ಕತ್ತರಿಸದ ಸಸಿ

“ಗುರುಗಳೇ, ನನ್ನಂತೆ ಕೋಪವನ್ನು ಗೆದ್ದವನಿಗೆ ಕಲಿಯಲು ಇನ್ನೇನು ಉಳಿದಿರುತ್ತದೆ?” ಎಂದು ಶಿಷ್ಯ ಕೇಳಿದ. ಇಂಪಾದ ದನಿಯವನು, ಮಠಕ್ಕೆಲ್ಲ ಮುದ್ದಿನವನು. ಹೊಸದಾಗಿ ಕಟ್ಟಿದ ಶಾಖಾಮಠಕ್ಕೆ ತನ್ನನ್ನೇ ಕಳುಹಿಸಲಿ ಎಂಬುದು ಅವನ ಆಸೆ.

ಗುರುಗಳು ಒಂದು ಕತೆ ಹೇಳಿದರು. ಕಣ್ಣಾರೆ ಕಂಡದ್ದು ಎಂದರು. ಅವರ ಕತೆಗಳೆಲ್ಲ ಅವರು ಕಣ್ಣಾರೆ ಕಂಡವೇ. ಕೆಲವು ಅವರು ಹುಟ್ಟುವ ಮೊದಲೇ ನಡೆದಿದ್ದವು, ಅಷ್ಟೆ.

ಒಬ್ಬ ರೈತನಿದ್ದ. ಅವನ ಊರಿನ ಹೊಲಗಳಿಗೆ ಸೊರಗು ರೋಗ ಹೊಕ್ಕಿತ್ತು. ಮಣ್ಣಿನ ಬೂಷ್ಟು ಬೇರಿಗೆ ಹತ್ತಿದರೆ ಸಾಕು, ಆಲೂಗಡ್ಡೆ ಗಿಡ ನಿಂತಲ್ಲೇ ಜೋತುಬಿದ್ದು ಒಣಗುತ್ತಿತ್ತು. ರೋಗ ತಡೆಯುವ ಒಂದೇ ಒಂದು ಗಿಡ ಸಿಕ್ಕರೂ ಊರಿನ ಬೆಳೆ ಉಳಿಯುತ್ತದೆ. ಇಲ್ಲವಾದರೆ ಆಲೂಗಡ್ಡೆಯ ಆಸೆ ಬಿಡಬೇಕು. ಗಡ್ಡೆ ನೆಟ್ಟರೆ ಹಳೆಯ ಗಿಡವೇ ಬರುತ್ತದೆಂದು ರೈತ ಆಲೂಗಡ್ಡೆ ಗಿಡದ ಕಾಯಿಯ ಬೀಜ ಹಾಕಿ ಬಗೆಬಗೆಯ ಸಸಿ ಎಬ್ಬಿಸಿದ. ಒಂದೊಂದನ್ನೇ ಕಿತ್ತು, ಬೇರಿನ ತುದಿ ಕತ್ತರಿಸಿ, ಸೊರಗಿ ಸತ್ತ ಗಿಡಗಳನ್ನು ಕೊಳೆಹಾಕಿದ್ದ ನೀರಿನಲ್ಲಿ ಅದ್ದಿ, ಮತ್ತೆ ಕುಂಡದಲ್ಲಿ ನೆಟ್ಟ.

ಪಕ್ಕದ ಹೊಲದ ಅಜ್ಜಿ ಬೇಲಿಯಾಚೆಯಿಂದ ಇಣುಕಿ, “ಎಂಥ ಕಟುಕನೋ ನೀನು! ಎಳೆಕೂಸಿಗೆ ವಿಷ ಕುಡಿಸ್ತೀಯಲ್ಲೋ?” ಎಂದಳು.

“ಕುಡಿದೂ ಬದುಕಿದ್ದು ನಮ್ಮದು ಅಜ್ಜೀ” ಎಂದ ರೈತ.

ಆದರೆ ಒಂದು ಸಸಿ ಕೈಗೆ ಬಂದಾಗ ಅವನ ಕತ್ತರಿ ತಡೆದು ನಿಂತಿತು. ದಪ್ಪ ಕಾಂಡ, ಹಸಿರು ತುಳುಕುವ ಎಲೆ. ಇಷ್ಟು ಚೆಂದದ್ದಕ್ಕೆ ಪರೀಕ್ಷೆ ಬೇರೆ ಯಾಕೆ ಅನ್ನಿಸಿತು. ಬೇರು ಕತ್ತರಿಸಲಿಲ್ಲ, ನೀರಿಗೆ ಅದ್ದಲಿಲ್ಲ. ಒಳ್ಳೆಯ ಮಣ್ಣಿನ ಕುಂಡದಲ್ಲಿ ನೆಟ್ಟು, ಉಳಿದವುಗಳ ಸಾಲಿನಲ್ಲೇ ಇಟ್ಟ.

ಬರುಬರುತ್ತಾ ಸಸಿಗಳೆಲ್ಲ ತಲೆ ಬಾಗಿಸಿದವು. ಕೊನೆಗೆ ಉಳಿದದ್ದು ಎರಡು. ಒಂದು ಸೊಟ್ಟ ಕಾಂಡದ ಬಡಕಲು, ಇನ್ನೊಂದು ಆ ಚೆಂದದ್ದು. ಅಷ್ಟು ಹೊತ್ತಿಗೆ ರೈತ ತಾನು ಮಾಡಿದ್ದನ್ನು ತಾನೇ ಮರೆತಿದ್ದ. ಮರೆಯುವುದು ಅವನಿಗೆ ಹಿತವಾಗಿತ್ತು ಎಂದರೂ ಸರಿಯೇ. ಬಡಕಲನ್ನು ತಿಪ್ಪೆಗೆ ಎಸೆದ. ಚೆಂದದ್ದರ ಗಡ್ಡೆಗಳನ್ನೇ ಒಳ್ಳೆಯ ಮಣ್ಣಿನ ಕುಂಡಗಳಲ್ಲಿ ಬೆಳೆದು, ಹೆಚ್ಚಿಸಿ, ಊರಿಗೆಲ್ಲ ಬಿತ್ತನೆಗೆ ಹಂಚಿದ.

ಹೂ ಬಿಡುವ ಹೊತ್ತಿಗೆ ಊರಿನ ಹೊಲವೆಲ್ಲ ಜೋತುಬಿದ್ದಿತ್ತು.

ಶಿಷ್ಯ ನಕ್ಕುಬಿಟ್ಟ. “ರೋಗವನ್ನೇ ಕಾಣದ ಸಸಿ ರೋಗವನ್ನು ಗೆದ್ದಿದೆ ಅಂದುಕೊಂಡನಲ್ಲ ಗುರುಗಳೇ, ಎಂಥ ಪೆದ್ದ!”

“ಪೆದ್ದನೇ ಬಿಡು, ಅದಿರಲಿ, ಈ ಮಠದಲ್ಲಿ ಇದುವರೆಗೆ ನಿನ್ನನ್ನು ಬೈದವರದು ಒಂದು ಹೆಸರು ಹೇಳು ನೋಡೋಣ” ಎಂದರು ಗುರುಗಳು.

“ನನ್ನನ್ನು ಯಾರೂ ಬೈದೇ ಇಲ್ಲವಲ್ಲ ಗುರುಗಳೇ” ಎಂದ ಶಿಷ್ಯ. ಹೇಳುತ್ತಲೇ ಅವನ ನಗು ನಿಂತಿತು.